ನಾಲ್ಕು ಸಾಲು

ಇಂಜಿನ್ ಬದಲಾಯಿಸಿದ್ದು ಮುನಿಯಲ್ಲಪ್ಪ, ನನ್ನ ಭಾವಮೈದ.
ಶಿವಾಜಿನಗರದ ಗುಜರಿಯಲ್ಲಿ
ಮಿನಿ ಲಾರಿಯೊಂದರ ಎದೆ ಬಿಚ್ಚಿಸಿ ತಂದು
ನಮ್ಮ ಪಿಕಪ್ಪಿನ ಎದೆಗೆ ಕೂರಿಸಿ
'ಇನ್ನು ಆನೆ ಬೇಕಾದರೂ ಎಳಿ' ಅಂದ.

ಆನೆ ಬರಲಿಲ್ಲ.
ಬಂದದ್ದು ಮಾರತಹಳ್ಳಿಯಲ್ಲಿ ಕೆಟ್ಟು ನಿಂತ ಟೆಂಪೊ ಟ್ರಾವೆಲರ್.
ಕಬ್ಬಿಣದ ದಂಡ ಸಿಕ್ಕಿಸಿ ಹೊರಟೆ.
ಹೆಬ್ಬಾಳದ ಫ್ಲೈಓವರಿನ ಅರ್ಧ ಏರಿಗೆ
ಮುಳ್ಳು ಕೆಂಪು ಮುಟ್ಟಿತು,
ಬಾನೆಟ್ಟಿನ ಸಂದಿಯಿಂದ
ಇಡ್ಲಿ ಪಾತ್ರೆಯ ಹಾಗೆ ಹಬೆ.
ಎಳೆಯಲು ಹೋದವನನ್ನು ಎಳೆಯಲು
ಇನ್ನೊಬ್ಬ ಬಂದ.
ಅವನು ನಗಲಿಲ್ಲ.
ಅದೇ ಹೆಚ್ಚು ಉರಿಯಿತು.

ಕಲಾಸಿಪಾಳ್ಯದ ಬಸ್ಸುಗಳ ಬೆನ್ನಿಗೆ
ಖಲಂದರ್ ಸಾಬರ ಅಂಗಡಿ.
ಒಂದು ನೀರಿನ ತೊಟ್ಟಿ, ಗ್ಯಾಸಿನ ಒಂದು ನೀಲಿ ನಾಲಗೆ,
ಗೋಡೆಗೆ ತೂಗಿದ ಹಳೇ ರೇಡಿಯೇಟರುಗಳು
ಯಾರದೋ ಮನೆ ಕೆಡವಿ ತಂದ ಕಿಟಕಿಗಳ ಹಾಗೆ.
ಬಗ್ಗಿ ಟಾರ್ಚ್ ಬಿಟ್ಟರು.
'ಎರಡು ಸಾಲು. ಸಾಲದು.'
ಸಾಲದ ಮಾತು ನನಗೆ ಹೊಸದಲ್ಲ,
ಇಂಜಿನ್ನಿನ ಕಂತೇ ಇನ್ನೂ ಹದಿನಾಲ್ಕು ಬಾಕಿ.
ಅವರು ಹೇಳಿದ್ದು ಕೊಳವೆಗಳ ಸಾಲು.
'ಒಲೆ ದೊಡ್ಡದು ಮಾಡ್ದ್ರಿ, ಕಿಟಕಿ ಅಷ್ಟೇ ಇಟ್ರಿ.
ಆ ಅಡುಗೆಮನೇಲಿ ಯಾರು ನಿಲ್ತಾರೆ?'

ಬಿಚ್ಚಿದಾಗ ನೋಡಿದೆ.
ತಗಡಿನ ತೆಳು ರೆಕ್ಕೆಗಳ ನಡುವೆ
ತುಮಕೂರು ರಸ್ತೆಯ ರಾತ್ರಿಯ ಹುಳುಗಳು,
ಜಯಮಹಲಿನ ಗುಲಾಬಿ ಹೂವಿನ ಎಸಳೊಂದು
ಸುಡದೆ, ಕಾಗದವಾಗಿ,
ಒಂದು ಚಿಟ್ಟೆ, ಹಳದಿ ಅನ್ನಬಹುದಾದಷ್ಟು
ಹಳದಿ ಉಳಿದಿತ್ತು.
ಒಂಬತ್ತು ವರ್ಷ ಗಾಳಿ ಅಂದುಕೊಂಡದ್ದು
ಇವನ್ನೆಲ್ಲ ಹೊತ್ತು ಬರುತ್ತಿತ್ತು.

'ಯಾವ ನೀರು ಹಾಕ್ತಿದ್ರಿ?'
'ಕೂಲೆಂಟೇ' ಅಂದೆ.
ಕೊಳವೆಯ ಬಾಯಿಂದ ಬೋರ್‌ವೆಲ್ಲಿನ ಬಿಳೀ ಸುಣ್ಣ
ಉಗುರಲ್ಲಿ ಕೆರೆದು ನನ್ನ ಅಂಗೈಗೆ ಹಾಕಿ
ಹುಡುಗ ಇದ್ರೀಸನಿಗೆ ಚಹಾ ಹೇಳಿದರು,
ಎರಡು, ಸಕ್ಕರೆ ಜಾಸ್ತಿ.

ಮೂರು ದಿನ.
ತಾಮ್ರದ ಕೊಳವೆ ನಾಲ್ಕು ಸಾಲು, ಮೇಲೆ ಕೆಳಗೆ ಹಿತ್ತಾಳೆ ತೊಟ್ಟಿ,
ದಪ್ಪಕ್ಕೆ ಜಾಗ ಸಾಲದೆ ಮುಂದಿನ ಅಡ್ಡಪಟ್ಟಿ ಕೊಯ್ದು
ಎರಡಿಂಚು ಆಚೆ ಬೆಸೆದರು.
ಫ್ಯಾನಿನ ಸುತ್ತ ತಗಡಿನ ಬಳೆ:
'ತಿರುಗಿದ್ರೆ ಆಯ್ತಾ? ಎಲ್ಲಿಂದ ಎಳೀಬೇಕು ಅಂತ
ಅದಕ್ಕೆ ಗೊತ್ತಾಗ್ಬೇಕು.'
ಎರಡನೇ ದಿನ ಮುನಿಯಲ್ಲಪ್ಪ ಬಂದು
ಅಲ್ಯೂಮಿನಿಯಂದು ರೆಡಿಮೇಡ್ ಸಿಗುತ್ತಲ್ಲ, ಅಗ್ಗ, ಅಂದ.
'ಅದೂ ಒಳ್ಳೇದೇ' ಅಂದರು ಸಾಬರು ತಲೆ ಎತ್ತದೆ,
'ಅದು ಒಡೆದ ದಿನ ನನ್ನ ಹತ್ರ ತರಬೇಡಿ.'

ತೊಟ್ಟಿಯಲ್ಲಿ ಮುಳುಗಿಸಿ ಗಾಳಿ ತುಂಬಿದರು.
ನಾನೂ ಇದ್ರೀಸನೂ ಗುಳ್ಳೆಗಾಗಿ ಕಾದೆವು,
ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವರ ಹಾಗೆ.
ನೀರು ಸುಮ್ಮನಿತ್ತು.
ಹಳೇ ತಾಮ್ರ ತಕ್ಕಡಿಗೆ ಹೋಯಿತು, ಆರು ಕೆಜಿ ಚಿಲ್ಲರೆ,
ಬಿಲ್ಲಿನಲ್ಲಿ ಕಳೆದರು,
ಚಿಟ್ಟೆಯ ಸಮೇತ.

ಮೊದಲ ಬಾಡಿಗೆ ರಾತ್ರಿ ಒಂದೂವರೆಗೆ.
ಏರ್‌ಪೋರ್ಟ್ ಟ್ಯಾಕ್ಸಿ, ವಾಟರ್ ಪಂಪ್ ಹೋಗಿತ್ತು.
ಡ್ರೈವರ್ ಹುಡುಗ ನನ್ನ ಪಕ್ಕ ಕೂತ,
ಹೆಂಡತಿಗೆ ಫೋನ್ ಮಾಡಿ ಸುಳ್ಳು ಹೇಳಿದ,
ಆಮೇಲೆ ನನ್ನ ಹಾಗೇ
ಮುಳ್ಳನ್ನು ನೋಡತೊಡಗಿದ.
ಮತ್ತದೇ ಹೆಬ್ಬಾಳ. ಮತ್ತದೇ ಏರು.
ಎರಡನೇ ಗೇರು, ಬೆನ್ನಿಗೆ ಒಂದೂಕಾಲು ಟನ್.
ಅರ್ಧಕ್ಕೆ ಬಂದ ಮುಳ್ಳು ಒಂದು ಸಲ ಅದುರಿ
ಅಲ್ಲೇ ಕೂತಿತು.

'ಅಣ್ಣಾ, ಇದು ಏರಲ್ವಾ?'
'ಏರುತ್ತೆ' ಅಂದೆ.
ಇನ್ನೂ ಏನೋ ಹೇಳುವುದಿತ್ತು.
ತುದಿಯಲ್ಲಿ ಕೆರೆಯ ಕಡೆಯಿಂದ ಗಾಳಿ ಬೀಸಿತು,
ಮೊದಲು ಅದಕ್ಕೆ.
ಅದು ಮುಟ್ಟಿ ಬಿಟ್ಟದ್ದು, ಬೆಚ್ಚಗೆ,
ಆಮೇಲೆ ನಮ್ಮ ಕಾಲಿಗೆ.